ಹರಿಕೇನ್ ಬರೋ ದ್ವೀಪಕ್ಕೆ ಹೊರಟಿದೀವಿ, ಇನ್ಶೂರೆನ್ಸ್ ಏನೇನ್ ಮಾಡಿಸ್ಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಏಳು ಪತ್ರ ಕೆರಿಬಿಯನ್ ದ್ವೀಪಗಳಿಗೆ ಕೆಲಸಕ್ಕೆ ಅಂತ ಹೊರಟಿರೋರದ್ದು, ಎಲ್ಲರಿಗೂ ಒಂದೇ ಭಯ, ಹರಿಕೇನ್, ಅಂದ್ರೆ ಆ ಕಡೆಯ ಚಂಡಮಾರುತ. ನಾನು ಕೇಮನ್ ದ್ವೀಪಗಳ ಗ್ರ್ಯಾಂಡ್ ಕೇಮನ್‌ನಲ್ಲಿ ಒಂದು ಇನ್ಶೂರೆನ್ಸ್ ಬ್ರೋಕರ್ ಆಫೀಸಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೀನಿ, ಅದಕ್ಕೆ ಸಂಪಾದಕರು ಏಳನ್ನೂ ನನ್ನ ಕೈಗೇ ಕೊಟ್ಟಿದಾರೆ. ನಾನು ಅಲ್ಲಿಗೆ ಹೋಗಿದ್ದು 2006ರಲ್ಲಿ, 2004ರ ಸೆಪ್ಟೆಂಬರ್‌ನಲ್ಲಿ ಐವನ್ ಅನ್ನೋ ಹರಿಕೇನ್ ಬಂದು ಹೋಗಿ ಎರಡು ವರ್ಷ ಆಗಿತ್ತು, ಆದ್ರೂ ಜನ ಯಾವ್ದೇ ಮಾತು ತೆಗೆದ್ರೂ "ಐವನ್‌ಗೆ ಮುಂಚೆ", "ಐವನ್ ಆದ್ಮೇಲೆ" ಅಂತಾನೇ ಲೆಕ್ಕ ಹಾಕೋರು. ಆ ದ್ವೀಪದಲ್ಲಿ ಹತ್ತು ಮನೇಲಿ ಎಂಟಕ್ಕೆ ಒಂದಲ್ಲ ಒಂದು ಥರ ಏಟು ಬಿದ್ದಿತ್ತು. ಆಫೀಸಲ್ಲಿ ಆ ಕ್ಲೇಮ್ ಫೈಲುಗಳನ್ನ ಓದಿ ಓದಿ ಕಲಿತಿದ್ದನ್ನೇ ಇಲ್ಲಿ ಹೇಳ್ತಿರೋದು.

ಪ್ರಶ್ನೆ: ಮೇಡಂ, ನನಗೆ ಗ್ರ್ಯಾಂಡ್ ಕೇಮನ್‌ನಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ, ಹೆಂಡತಿ, ನಾಲ್ಕು ವರ್ಷದ ಮಗಳ ಜೊತೆ ಹೋಗ್ತಿದೀನಿ. ಸೌತ್ ಸೌಂಡ್ ಕಡೆ ಗ್ರೌಂಡ್ ಫ್ಲೋರ್ ಮನೆ ಬಾಡಿಗೆಗೆ ನೋಡಿದೀವಿ. ಮನೆಗೆ ಪೂರ್ತಿ ಇನ್ಶೂರೆನ್ಸ್ ಇದೆ ಅಂತ ಓನರ್ ಹೇಳ್ತಿದಾರೆ. ಹಾಗಿದ್ಮೇಲೆ ನಾವು ಬೇರೆ ಏನಾದ್ರೂ ಮಾಡಿಸ್ಬೇಕಾ?

ಮಾಡಿಸ್ಲೇಬೇಕು. ಓನರ್ ಸುಳ್ಳು ಹೇಳ್ತಿಲ್ಲ, ಆದ್ರೆ ಅವರ ಇನ್ಶೂರೆನ್ಸ್ ಅವರ ಗೋಡೆ, ಛಾವಣಿ, ಕಿಟಕಿ, ಅವರು ಹಾಕಿಸಿರೋ ಅಡುಗೆಮನೆ ಕಪಾಟು ಇವಕ್ಕೆ. ನಿಮ್ಮ ಹಾಸಿಗೆ, ಬಟ್ಟೆ, ಲ್ಯಾಪ್‌ಟಾಪ್, ಮಗಳ ಸೈಕಲ್ಲು, ಇದ್ಯಾವ್ದೂ ಅದರಲ್ಲಿ ಬರಲ್ಲ. ಅದಕ್ಕೆ ನೀವೇ ಕಂಟೆಂಟ್ಸ್ ಪಾಲಿಸಿ ಅಂತ ಬೇರೆ ತಗೋಬೇಕು. ಐವನ್ ಫೈಲುಗಳಲ್ಲಿ ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಬಾಡಿಗೆದಾರರ ಕಥೆಗಳೇ, ಮನೆ ಓನರ್‌ಗೆ ದುಡ್ಡು ಬಂದಿದೆ, ಮನೆ ರಿಪೇರಿ ಆಗಿದೆ, ಅದೇ ಮನೇಲಿ ಇದ್ದ ಕುಟುಂಬ ಎರಡು ಸೂಟ್‌ಕೇಸ್ ಹಿಡ್ಕೊಂಡು ಊರಿಗೆ ವಾಪಸ್ ಹೋಗಿದೆ.

ಸಮುದ್ರ ತೀರದ ಸೌತ್ ಸೌಂಡ್ ಅಂದಿದೀರ, ಗ್ರೌಂಡ್ ಫ್ಲೋರ್ ಅಂದಿದೀರ, ಇವೆರಡೂ ಸೇರಿದ್ರೆ ನಾನು ಮೊದಲು ಕೇಳೋದು ಗಾಳಿ ಬಗ್ಗೆ ಅಲ್ಲ, ನೀರಿನ ಬಗ್ಗೆ. ಗ್ರ್ಯಾಂಡ್ ಕೇಮನ್ ಅಂಗೈ ಥರ ಚಪ್ಪಟೆ ಇರೋ ದ್ವೀಪ, ಐವನ್ ಟೈಮಲ್ಲಿ ಸಮುದ್ರ ಎಂಟು ಹತ್ತು ಅಡಿ ಮೇಲೆದ್ದು ಒಳಗೆ ನುಗ್ಗಿತ್ತು. ಅದಕ್ಕೇ ಪಾಲಿಸಿ ಕೈಗೆ ಬಂದ ತಕ್ಷಣ ನೋಡ್ಬೇಕಾಗಿರೋದು, ಹರಿಕೇನ್ ಅಂತ ಬರೆದಿರೋದು ಬರೀ ಗಾಳಿಗಾ, ಇಲ್ಲಾ ಸಮುದ್ರ ಉಕ್ಕಿ ಬರೋದೂ ಪ್ರವಾಹವೂ ಸೇರಿದೆಯಾ ಅಂತ. ಅಲ್ಲಿ ಸುಮಾರು ಪಾಲಿಸಿಗಳಲ್ಲಿ ಹರಿಕೇನ್, ಭೂಕಂಪ, ಸಮುದ್ರ ಉಕ್ಕೋದು ಎಲ್ಲಾನೂ "ಕ್ಯಾಟಾಸ್ಟ್ರಫಿ ಪೆರಿಲ್ಸ್" ಅಂತ ಒಟ್ಟಿಗೆ ಕಟ್ಟಿರ್ತಾರೆ, ಆದ್ರೆ ಪ್ರೀಮಿಯಂ ಕಮ್ಮಿ ಮಾಡೋಕೆ ಅಂತ ಆ ಇಡೀ ಕಟ್ಟನ್ನೇ ತೆಗೆದು ಬರೀ ಬೆಂಕಿ, ಕಳ್ಳತನಕ್ಕೆ ಮಾತ್ರ ಕೊಡೋ ಪಾಲಿಸಿನೂ ಸಿಗತ್ತೆ. ಅದು ಅಗ್ಗ. ದಯವಿಟ್ಟು ಅದನ್ನ ತಗೋಬೇಡಿ. ಪೋರ್ಟೊ ರಿಕೋ, ಯು.ಎಸ್. ವರ್ಜಿನ್ ಐಲ್ಯಾಂಡ್ಸ್ ಥರ ಅಮೆರಿಕದ ಕೈಕೆಳಗಿರೋ ದ್ವೀಪಕ್ಕೆ ಹೋಗೋರಿಗೆ ಇನ್ನೊಂದು ಮಾತು, ಅಲ್ಲಿ ಪ್ರವಾಹಕ್ಕೆ ಅಂತಾನೇ ಫೆಡರಲ್ ಸರ್ಕಾರದ ಬೇರೆ ಪಾಲಿಸಿ ಇದೆ, ಮನೆ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ, ಆದ್ರೆ ಸಾಮಾನ್ಯವಾಗಿ ತಗೊಂಡು 30 ದಿನ ಆದ್ಮೇಲೇನೇ ಅದು ಜಾರಿಗೆ ಬರೋದು.

ಆಮೇಲೆ ಡಿಡಕ್ಟಿಬಲ್, ಅಂದ್ರೆ ಮೊದಲು ನಿಮ್ಮ ಜೇಬಿಂದ ಹೋಗೋ ಪಾಲು. ಕಾರಿಗೆ ಇರೋ ಹಾಗೆ ಇಂತಿಷ್ಟು ಡಾಲರ್ ಅಂತ ಅಲ್ಲ, ಹರಿಕೇನ್‌ಗೆ ಅದು ಶೇಕಡಾ ಲೆಕ್ಕ, ಸಾಮಾನ್ಯವಾಗಿ 2, ಕೆಲವು ಕಡೆ ಇನ್ನೂ ಜಾಸ್ತಿ, ಅದೂ ಆದ ನಷ್ಟದ ಮೇಲಲ್ಲ, ನೀವು ಮಾಡಿಸಿರೋ ಒಟ್ಟು ಮೊತ್ತದ ಮೇಲೆ. 40,000 ಕೇಮನ್ ಡಾಲರ್‌ಗೆ ಸಾಮಾನು ಇನ್ಶೂರ್ ಮಾಡಿಸಿದ್ರೆ ಮೊದಲ 800 ಡಾಲರ್ ನಿಮ್ಮದು. ಕೇಮನ್ ಡಾಲರ್ ಒಂದಕ್ಕೆ 1.20 ಅಮೆರಿಕನ್ ಡಾಲರ್ ಅಂತ ಫಿಕ್ಸ್ ಆಗಿರೋದು, ಕೊಟೇಶನ್ ಯಾವ ಡಾಲರಲ್ಲಿ ಕೊಟ್ಟಿದಾರೆ ಅಂತ ಒಂದ್ಸಲ ನೋಡ್ಕೊಳ್ಳಿ, ಎರಡೂ ಅಲ್ಲಿ ಓಡಾಡೋದ್ರಿಂದ ಹೊಸಬರು ಗಲಿಬಿಲಿ ಆಗ್ತಾರೆ.

ನಿಮ್ಮ ಹತ್ರ ಚಿಕ್ಕ ಮಗು ಇದೆ, ಹಾಗಾಗಿ ನಾನು ಒತ್ತಿ ಹೇಳೋದು ಇನ್ನೊಂದು ಕವರ್ ಬಗ್ಗೆ, ಬದಲಿ ವಸತಿ ಖರ್ಚು. ಮನೆ ವಾಸಕ್ಕೆ ಆಗದ ಹಾಗೆ ಆದ್ರೆ ಬೇರೆ ಕಡೆ ಇರೋಕೆ ಕೊಡೋ ದುಡ್ಡು ಅದು. ದೊಡ್ಡ ಹರಿಕೇನ್ ಆದ್ಮೇಲೆ ಒಂದು ಚಿಕ್ಕ ದ್ವೀಪದಲ್ಲಿ ಉಳಿದಿರೋ ಒಳ್ಳೆ ಮನೆಗಳಿಗೆ ರಿಪೇರಿಗೆ ಅಂತ ಬಂದೋರು, ಮನೆ ಕಳ್ಕೊಂಡೋರು, ಕಂಪನಿಗಳೋರು ಎಲ್ಲರೂ ಒಟ್ಟಿಗೆ ಮುಗಿಬೀಳ್ತಾರೆ, ಬಾಡಿಗೆ ಏರತ್ತೆ. ಎಷ್ಟು ತಿಂಗಳಿಗೆ ಕೊಡ್ತಾರೆ, ಗರಿಷ್ಠ ಎಷ್ಟು, ದ್ವೀಪದ ಹೊರಗೆ ಹೋಗಿ ಇದ್ರೂ ಕೊಡ್ತಾರಾ ಅಂತ ಬರವಣಿಗೇಲಿ ಕೇಳಿ. ಬಾಡಿಗೆ ಕರಾರಿನಲ್ಲೂ ಮನೆ ಹಾಳಾದ್ರೆ ಬಾಡಿಗೆ ನಿಲ್ಲತ್ತೆ, ಡಿಪಾಸಿಟ್ ವಾಪಸ್ ಬರತ್ತೆ ಅಂತ ಒಂದು ಸಾಲು ಬರೆಸ್ಕೊಳ್ಳಿ, ಇಲ್ಲದಿದ್ರೆ ಛಾವಣಿ ಇಲ್ಲದ ಮನೆಗೂ ಬಾಡಿಗೆ ಕೇಳೋ ಓನರ್ ಸಿಗಬಹುದು.

ಸಾಮಾನಿನ ಪಟ್ಟಿ ಬರೀತಾ ಕೂತ್ರೆ ಮುಗಿಯಲ್ಲ, ಮನೆಗೆ ಹೋಗಿ ಸೆಟಲ್ ಆದ ದಿನ ಫೋನ್ ಹಿಡ್ಕೊಂಡು ಒಂದೊಂದು ಕಪಾಟೂ ತೆಗೆದು ಬಾಯಲ್ಲಿ ಹೇಳ್ತಾ ಒಂದು ವಿಡಿಯೋ ಮಾಡಿ, ಅದನ್ನ ಆನ್‌ಲೈನಲ್ಲಿ ಎಲ್ಲಾದ್ರೂ ಹಾಕಿಡಿ. ಫೋನಲ್ಲೇ ಇಟ್ಕೊಂಡು ಆ ಫೋನೇ ನೀರಿಗೆ ಹೋದ್ರೆ ಏನೂ ಉಳಿಯಲ್ಲ.

ಪ್ರಶ್ನೆ: ನಮ್ಮೆಜಮಾನ್ರು ಕೇಮನ್‌ನಲ್ಲಿ ಆರು ವರ್ಷದಿಂದ ಇದಾರೆ, ಈಗ ಒಂದು ಕಾಂಡೋ (ಅಪಾರ್ಟ್‌ಮೆಂಟ್ ಫ್ಲಾಟ್) ತಗೊಳ್ಳೋಣ ಅಂತಿದೀವಿ. ಬಿಲ್ಡಿಂಗ್ ಇನ್ಶೂರೆನ್ಸ್ ಸ್ಟ್ರಾಟಾನೇ ಕಟ್ಟತ್ತಂತೆ, ಹಾಗಾಗಿ ನಮ್ಗೆ ಚಿಂತೆ ಇಲ್ಲ ಅಂತಾರೆ ಏಜೆಂಟ್. ನಿಜಾನಾ?

ಅರ್ಧ ನಿಜ. ಸ್ಟ್ರಾಟಾ ಅಂದ್ರೆ ಆ ಕಟ್ಟಡದ ಎಲ್ಲ ಓನರ್‌ಗಳ ಕೂಟ, ಇಡೀ ಬಿಲ್ಡಿಂಗಿನ ಇನ್ಶೂರೆನ್ಸ್ ಅದರ ಹೆಸರಲ್ಲಿರತ್ತೆ, ನೀವು ಪ್ರತಿ ತಿಂಗಳು ಕಟ್ಟೋ ಫೀಸಲ್ಲಿ ಅದರ ಪ್ರೀಮಿಯಂ ಸೇರಿರತ್ತೆ. ತೊಂದ್ರೆ ಇರೋದು ಡಿಡಕ್ಟಿಬಲ್‌ನಲ್ಲಿ. ಬಿಲ್ಡಿಂಗ್ 2 ಕೋಟಿ ಡಾಲರ್‌ಗೆ ಇನ್ಶೂರ್ ಆಗಿದೆ, ಡಿಡಕ್ಟಿಬಲ್ ಶೇಕಡಾ 2 ಅಂತ ಇಟ್ಕೊಳ್ಳಿ, ಮೊದಲ 4 ಲಕ್ಷ ಡಾಲರ್ ಓನರ್‌ಗಳದ್ದೇ. 40 ಮನೆ ಇದ್ದು ಎಲ್ಲರಿಗೂ ಸಮ ಪಾಲು ಅಂದ್ರೂ ತಲೆಗೆ 10,000 ಡಾಲರ್, ಅದೂ ನಿಮ್ಮ ಮನೆ ಒಳಗೆ ಒಂದು ಹನಿ ನೀರು ಬರದಿದ್ರೂ ಕಟ್ಬೇಕು. ಇದಕ್ಕೆ ಸ್ಪೆಷಲ್ ಅಸೆಸ್‌ಮೆಂಟ್ ಅಂತಾರೆ. ನಿಮ್ಮ ಸ್ವಂತ ಪಾಲಿಸಿಲಿ "ಲಾಸ್ ಅಸೆಸ್‌ಮೆಂಟ್" ಅನ್ನೋ ಕವರ್ ಸೇರಿಸ್ಕೊಂಡ್ರೆ ಇದರ ಭಾರ ಕಮ್ಮಿ ಆಗಬಹುದು, ಡಿಡಕ್ಟಿಬಲ್ ಪಾಲಿಗೂ ಅನ್ವಯ ಆಗತ್ತಾ ಅಂತ ಮಾತ್ರ ಸ್ಪಷ್ಟ ಮಾಡ್ಕೊಳ್ಳಿ, ಕೆಲವದ್ರಲ್ಲಿ ಆಗಲ್ಲ.

ಅಡ್ವಾನ್ಸ್ ಕೊಡೋ ಮುಂಚೆ ಸ್ಟ್ರಾಟಾದಿಂದ ಪಾಲಿಸಿ ಕಾಪಿ, ಕೊನೇ ವ್ಯಾಲ್ಯುವೇಶನ್ ರಿಪೋರ್ಟು, ರಿಸರ್ವ್ ಫಂಡಲ್ಲಿ ಎಷ್ಟಿದೆ ಅನ್ನೋ ಲೆಕ್ಕ ಮೂರನ್ನೂ ಕೇಳಿ. ವ್ಯಾಲ್ಯುವೇಶನ್ ಹಳೇದಾಗಿದ್ರೆ ನನಗೆ ಡಿಡಕ್ಟಿಬಲ್‌ಗಿಂತ ಜಾಸ್ತಿ ಭಯ ಆಗೋದು ಅಲ್ಲಿ, ಯಾಕೆ ಅಂತ ಹೇಳ್ತೀನಿ.

"ಆವರೇಜ್ ಕ್ಲಾಸ್" ಅಂತ ಒಂದಿದೆ. ಸ್ವಂತ ಮನೆ ತಗೊಳ್ಳೋರಿಗೂ ಸ್ಟ್ರಾಟಾದೋರಿಗೂ ಸಾಮಾನಿಗೆ ಮಾತ್ರ ಮಾಡಿಸೋರಿಗೂ ಎಲ್ಲರಿಗೂ ಇದು ಅನ್ವಯ, ನಾನು ನೋಡಿದ ಕಣ್ಣೀರಲ್ಲಿ ಮುಕ್ಕಾಲು ಪಾಲು ಈ ಒಂದು ಸಾಲಿಂದ ಬಂದಿದ್ದು. ಮನೆ ಮತ್ತೆ ಕಟ್ಟೋಕೆ 5,00,000 ಡಾಲರ್ ಬೇಕು, ನೀವು ಪ್ರೀಮಿಯಂ ಉಳಿಸೋಕೆ 3,00,000ಕ್ಕೆ ಮಾಡಿಸಿದೀರ ಅನ್ಕೊಳ್ಳಿ. ಛಾವಣಿ ಹಾರಿ 1,00,000 ನಷ್ಟ ಆಯ್ತು. ನೀವು ಅಂದ್ಕೊಳ್ಳೋದು, 3 ಲಕ್ಷಕ್ಕೆ ಮಾಡಿಸಿದೀನಿ, ನಷ್ಟ ಬರೀ 1 ಲಕ್ಷ, ಪೂರ್ತಿ ಬರತ್ತೆ ಅಂತ. ಬರಲ್ಲ. ಬೇಕಾಗಿದ್ದರಲ್ಲಿ ಶೇಕಡಾ 60ಕ್ಕೆ ಮಾತ್ರ ನೀವು ಮಾಡಿಸಿರೋದು, ಹಾಗಾಗಿ ಪ್ರತಿ ನಷ್ಟಕ್ಕೂ ಶೇಕಡಾ 60 ಮಾತ್ರ, ಅಂದ್ರೆ 60,000, ಅದರಲ್ಲಿ ಡಿಡಕ್ಟಿಬಲ್ 6,000 (3 ಲಕ್ಷದ ಶೇಕಡಾ 2) ಕಳೆದ್ರೆ ಕೈಗೆ 54,000. ಉಳಿದ 46,000 ನಿಮ್ಮ ತಲೆ ಮೇಲೆ. ಕಂಪನಿ ಮೋಸ ಮಾಡಿದ್ದಲ್ಲ, ಪಾಲಿಸೀಲಿ ಬರೆದಿರೋದೇ ಹಾಗೆ, ಆದ್ರೆ ಅದನ್ನ ಸಹಿ ಹಾಕಿಸ್ಕೊಳ್ಳೋವಾಗ ಯಾರೂ ಕೂತು ಲೆಕ್ಕ ಹಾಕಿ ತೋರಿಸಲ್ಲ ಅನ್ನೋದೇ ನನ್ನ ಸಂಕಟ.

ಹಾಗಾಗಿ ಮೊತ್ತ ಎಷ್ಟಕ್ಕೆ ಅನ್ನೋದನ್ನ ನೀವು ಕೊಂಡ ಬೆಲೆ ನೋಡಿ ಹಾಕ್ಬೇಡಿ, ಬ್ಯಾಂಕ್ ಸಾಲದ ಮೊತ್ತ ನೋಡಿ ಅಂತೂ ಬೇಡ್ವೇ ಬೇಡ. ಕ್ವಾಂಟಿಟಿ ಸರ್ವೇಯರ್, ಅಂದ್ರೆ ಕಟ್ಟಡದ ಖರ್ಚು ಲೆಕ್ಕ ಹಾಕೋರ ಹತ್ರ ಮತ್ತೆ ಕಟ್ಟೋ ಖರ್ಚಿನ ಅಂದಾಜು ಬರೆಸಿ, ಅದರಲ್ಲಿ ಬಿದ್ದಿರೋ ಅವಶೇಷ ತೆಗೆಸೋ ಖರ್ಚು, ಆರ್ಕಿಟೆಕ್ಟ್ ಫೀಸು, ಹೊಸ ಬಿಲ್ಡಿಂಗ್ ಕೋಡ್ ಪ್ರಕಾರ ಕಟ್ಟೋಕೆ ಆಗೋ ಹೆಚ್ಚಿನ ಖರ್ಚು ಎಲ್ಲಾ ಇರ್ಬೇಕು. ಅಲ್ಲಿ ಸಿಮೆಂಟು, ಮರ, ಶೀಟು, ವೈರು ಎಲ್ಲಾ ಹಡಗಲ್ಲೇ ಬರ್ಬೇಕು, ಕೇಮನ್‌ನಲ್ಲಿ ಸಾಮಾನ್ಯ ಆಮದು ಸುಂಕನೇ ಶೇಕಡಾ 22, ಇನ್ನು ಹರಿಕೇನ್ ಆದ್ಮೇಲೆ ಇಡೀ ದ್ವೀಪ ಒಟ್ಟಿಗೆ ಕಟ್ಟೋಕೆ ಶುರು ಮಾಡಿದಾಗ ಮೇಸ್ತ್ರಿ ಕೂಲಿಯಿಂದ ಹಿಡಿದು ಮೊಳೆವರೆಗೂ ರೇಟು ಏರತ್ತೆ. ಎರಡು ಮೂರು ವರ್ಷಕ್ಕೊಂದ್ಸಲ ಈ ಅಂದಾಜನ್ನ ಹೊಸದು ಮಾಡಿಸಿ.

ಕಂಪನಿ ಆರಿಸೋ ಬಗ್ಗೆನೂ ಒಂದು ಮಾತು. ಕೆರಿಬಿಯನ್ ಕಂಪನಿಗಳು ತಾವೇ ಪೂರ್ತಿ ಅಪಾಯ ಹೊತ್ಕೊಳ್ಳಲ್ಲ, ಬಹುಪಾಲನ್ನ ಹೊರದೇಶದ ರೀಇನ್ಶೂರೆನ್ಸ್ ಕಂಪನಿಗಳಿಗೆ, ಅಂದ್ರೆ ಇನ್ಶೂರೆನ್ಸ್ ಕಂಪನಿಗಳಿಗೇ ಇನ್ಶೂರೆನ್ಸ್ ಕೊಡೋರಿಗೆ ದಾಟಿಸ್ತವೆ, ಅದಕ್ಕೇ ಫ್ಲಾರಿಡಾದಲ್ಲಿ ಹರಿಕೇನ್ ಬಂದ್ರೂ ಮುಂದಿನ ವರ್ಷ ನಿಮ್ಮ ಪ್ರೀಮಿಯಂ ಏರೋ ಸಾಧ್ಯತೆ ಇರೋದು. 2017ರ ಮರಿಯಾ ಆದ್ಮೇಲೆ ಪೋರ್ಟೊ ರಿಕೋದಲ್ಲಿ ಒಂದು ಕಂಪನಿ ಕ್ಲೇಮ್ ಭಾರ ತಡೆಯೋಕಾಗದೆ ಮುಳುಗೇ ಹೋಯ್ತು. ಎ.ಎಂ. ಬೆಸ್ಟ್ ಅನ್ನೋ ಸಂಸ್ಥೆ ಇನ್ಶೂರೆನ್ಸ್ ಕಂಪನಿಗಳಿಗೆ ರೇಟಿಂಗ್ ಕೊಡತ್ತೆ, ನಾನಾದ್ರೆ ಎ ಮೈನಸ್‌ಗಿಂತ ಕೆಳಗಿರೋ ಕಡೆ ಮನೆ ಇಡಲ್ಲ. ಕೇಮನ್‌ನಲ್ಲಿ ಇನ್ಶೂರೆನ್ಸ್ ಕಂಪನಿಗಳ ಮೇಲ್ವಿಚಾರಣೆ ಮಾಡೋದು ಕೇಮನ್ ಐಲ್ಯಾಂಡ್ಸ್ ಮಾನಿಟರಿ ಅಥಾರಿಟಿ, ಲೈಸೆನ್ಸ್ ಇದೆಯಾ ಅಂತ ಅಲ್ಲೇ ನೋಡ್ಬಹುದು.

ಪ್ರಶ್ನೆ: ಬಾರ್ಬೆಡೋಸ್, ಗ್ರೆನೆಡಾ, ಅರೂಬಾ ಇವೆಲ್ಲಾ ಹರಿಕೇನ್ ದಾರೀಲಿ ಬರಲ್ಲ, ಅಲ್ಲಿಗೆ ಹೋದ್ರೆ ಇದೆಲ್ಲಾ ಬೇಡ ಅಂತ ಫ್ರೆಂಡ್ ಹೇಳ್ತಾನೆ. ನಾನು ಮನೆಯಿಂದಾನೇ ಕೆಲಸ ಮಾಡೋನು, ಯಾವ ದ್ವೀಪ ಆದ್ರೂ ನಡಿಯತ್ತೆ.

ಅರೂಬಾ, ಬೊನೇರ್, ಕ್ಯುರಸಾವ್, ಟ್ರಿನಿಡಾಡ್ ಇವು ದಕ್ಷಿಣಕ್ಕಿರೋದ್ರಿಂದ ಹರಿಕೇನ್ ನೇರವಾಗಿ ಬಡಿಯೋದು ತುಂಬಾ ಅಪರೂಪ, ಅಷ್ಟು ಮಾತ್ರ ನಿಜ. ಆದ್ರೂ 1999ರ ಲೆನ್ನಿ ದೂರದಲ್ಲೇ ಇದ್ದು ಅಲೆಗಳಿಂದಾನೇ ಬೊನೇರ್ ತೀರಕ್ಕೆ ಹಾನಿ ಮಾಡ್ತು.

ಗ್ರೆನೆಡಾ ವಿಷ್ಯದಲ್ಲಿ ನಿಮ್ಮ ಫ್ರೆಂಡ್ ಹೇಳಿದ್ದನ್ನೇ 2004ರವರೆಗೆ ಅಲ್ಲಿನ ಜನಾನೂ ನಂಬಿದ್ರು. 1955ರಲ್ಲಿ ಜಾನೆಟ್ ಬಂದಿತ್ತು, ಆಮೇಲೆ ಅರ್ಧ ಶತಮಾನ ದೊಡ್ಡದೇನೂ ಬಂದಿರ್ಲಿಲ್ಲ, ದೇವರ ದ್ವೀಪ ಅನ್ನೋ ಥರ ನಿಶ್ಚಿಂತೆಯಾಗಿದ್ರು, 2004ರ ಸೆಪ್ಟೆಂಬರ್ 7ಕ್ಕೆ ಐವನ್ ಬಂದು ಹತ್ತರಲ್ಲಿ ಒಂಬತ್ತು ಮನೆಗೆ ಏಟು ಕೊಟ್ಟು ಹೋಯ್ತು, ಸುಧಾರಿಸ್ಕೊಳ್ಳೋ ಮುಂಚೆ 2005ರಲ್ಲಿ ಎಮಿಲಿ, ಆಮೇಲೆ 2024ರ ಜುಲೈ 1ಕ್ಕೆ ಬೆರಿಲ್ ಗ್ರೆನೆಡಾಗೆ ಸೇರಿದ ಕ್ಯಾರಿಯಾಕು ದ್ವೀಪವನ್ನ ನೆಲಸಮ ಮಾಡ್ತು. ಬೆರಿಲ್ ಒಂದು ದಿನದೊಳಗೆ ಕೆಟಗರಿ 5, ಅಂದ್ರೆ ಎಲ್ಲಕ್ಕಿಂತ ಜೋರಿನ ದರ್ಜೆ ಆಯ್ತು, ಅಟ್ಲಾಂಟಿಕ್ ದಾಖಲೇಲಿ ವರ್ಷದಲ್ಲಿ ಅಷ್ಟು ಬೇಗ ಯಾವ್ದೂ ಆ ಮಟ್ಟ ಮುಟ್ಟಿರ್ಲಿಲ್ಲ. ಬಾರ್ಬೆಡೋಸ್‌ಗೂ ಅದೇ ಜಾನೆಟ್ ಆದ್ಮೇಲೆ 2021ರ ಎಲ್ಸಾವರೆಗೆ ಹರಿಕೇನ್ ಬಡಿದಿರ್ಲಿಲ್ಲ. ಬಹಳ ವರ್ಷ ಬಂದಿಲ್ಲ ಅನ್ನೋದನ್ನ ಬರಲ್ಲ ಅಂತ ಓದ್ಕೋಬೇಡಿ.

ನಿಮ್ಮಂಥೋರಿಗೆ ಬಾರ್ಬೆಡೋಸ್ 2020ರಲ್ಲಿ ವೆಲ್‌ಕಮ್ ಸ್ಟ್ಯಾಂಪ್ ಅಂತ ಒಂದು ವರ್ಷದ ವೀಸಾ ಶುರು ಮಾಡಿದೆ, ವರ್ಷಕ್ಕೆ ಕನಿಷ್ಠ 50,000 ಅಮೆರಿಕನ್ ಡಾಲರ್ ಆದಾಯ ತೋರಿಸ್ಬೇಕು, ಒಬ್ಬರಿಗೆ ಫೀಸು 2,000 ಡಾಲರ್, ಹೆಲ್ತ್ ಇನ್ಶೂರೆನ್ಸೂ ನೀವೇ ಮಾಡಿಸ್ಕೊಂಡಿರ್ಬೇಕು. ಅಲ್ಲಿ ನಿಮಗೆ ಲೋಕಲ್ ಕಂಪನಿ ಯಾವ್ದೂ ಇಲ್ಲ, ಗಲಾಟೆ ಆದ್ರೆ ಕರ್ಕೊಂಡು ಬರೋ ಎಚ್.ಆರ್. ಇಲ್ಲ, ಆದ್ರಿಂದ ಮುಂದಿನ ಪ್ರಶ್ನೆ ಉತ್ತರಾನೂ ಓದಿ.

ಪ್ರಶ್ನೆ: ಕೇಮನ್‌ನಲ್ಲಿ ಕಂಪನೀನೇ ಹೆಲ್ತ್ ಇನ್ಶೂರೆನ್ಸ್ ಕೊಡತ್ತೆ. ಸಕ್ಕರೆ ಕಾಯಿಲೆ ಇರೋ ಅಮ್ಮನ್ನ ಆರು ತಿಂಗಳು ಕರೆಸ್ಕೋಬೇಕು ಅಂತಿದೀನಿ. ಹರಿಕೇನ್ ಬಂದ್ರೆ ಅವರನ್ನ ಮಯಾಮಿಗೆ ಕರ್ಕೊಂಡು ಹೋಗೋ ಖರ್ಚು ಇದರಲ್ಲೇ ಬರತ್ತಾ?

ಮೊದಲು ನಿಮ್ಮದು. ಕೇಮನ್ ಕಾನೂನಿನ ಪ್ರಕಾರ ಕೆಲಸ ಕೊಟ್ಟೋರು ಹೆಲ್ತ್ ಇನ್ಶೂರೆನ್ಸ್ ಮಾಡಿಸ್ಲೇಬೇಕು, ನಿಮ್ಮ ಪ್ರೀಮಿಯಂನಲ್ಲಿ ಅರ್ಧದವರೆಗೆ ಸಂಬಳದಿಂದ ಹಿಡ್ಕೋಬಹುದು. ಆದ್ರೆ ಕಾನೂನು ಕೇಳೋದು ಕನಿಷ್ಠ ಮಟ್ಟದ್ದು, ಎಷ್ಟೋ ಕಂಪನಿಗಳು ಅಷ್ಟನ್ನೇ ಕೊಟ್ಟು ಕೈ ತೊಳ್ಕೊಳ್ತವೆ. ಆಫರ್ ಲೆಟರ್ ಬಂದಾಗಲೇ ಪ್ಲಾನ್ ಹೆಸರು ಕೇಳಿ ವರ್ಷದ ಗರಿಷ್ಠ ಮಿತಿ, ದ್ವೀಪದ ಹೊರಗಿನ ಚಿಕಿತ್ಸೆ, ಏರ್ ಆಂಬ್ಯುಲೆನ್ಸ್ ಈ ಮೂರನ್ನ ಓದಿ. ಅಂತರರಾಷ್ಟ್ರೀಯ ಪ್ಲಾನ್ ತಗೊಳ್ಳೋರಿಗೆ "ಅಮೆರಿಕ ಬಿಟ್ಟು ಪ್ರಪಂಚ ಎಲ್ಲಾ" ಅನ್ನೋದು ಅಗ್ಗ ಅಂತ ಆಸೆ ತೋರಿಸತ್ತೆ, ಆದ್ರೆ ಕೆರಿಬಿಯನ್‌ನಿಂದ ಕಷ್ಟದ ಕೇಸುಗಳನ್ನ ಕಳಿಸೋದು ಬಹುಪಾಲು ಮಯಾಮಿಗೇ, ಅಮೆರಿಕ ಬಿಟ್ಟಿರೋ ಕಾರ್ಡ್ ಹಿಡ್ಕೊಂಡು ಅಲ್ಲಿ ಇಳಿದ್ರೆ ಬಿಲ್ಲು ನಿಮ್ಮದೇ. ಕೇಮನ್‌ನಲ್ಲಿ ಈಗ ಒಂದು ಸಮಾಧಾನ ಇದೆ, ನಮ್ಮ ಡಾ. ದೇವಿ ಶೆಟ್ಟಿಯವರು ಈಸ್ಟ್ ಎಂಡ್‌ನಲ್ಲಿ 2014ರಲ್ಲಿ ಶುರು ಮಾಡಿದ ಹೆಲ್ತ್ ಸಿಟಿ ಆಸ್ಪತ್ರೇಲಿ ಹೃದಯದ ಆಪರೇಷನ್‌ವರೆಗೂ ಆಗತ್ತೆ, ಚಿಕ್ಕ ದ್ವೀಪಗಳಲ್ಲಿ ಅದೂ ಇಲ್ಲ.

ಅಮ್ಮ ವಿಸಿಟರ್ ಆಗಿ ಬರ್ತಾರೆ, ನಿಮ್ಮ ಕಂಪನಿ ಪ್ಲಾನಲ್ಲಿ ಅವರು ಬರಲ್ಲ. ಅವರಿಗೆ ಬೇರೆ ಟ್ರಾವೆಲ್ ಮೆಡಿಕಲ್ ಪಾಲಿಸಿ ಬೇಕು, ಮೊದಲೇ ಇರೋ ಸಕ್ಕರೆ ಕಾಯಿಲೆಯನ್ನ ಒಪ್ಪಿಕೊಂಡಿರೋದು, ಬರವಣಿಗೇಲಿ. ಮುಚ್ಚಿಟ್ಟು ತಗೊಂಡ್ರೆ ಕ್ಲೇಮ್ ದಿನ ಅದೊಂದೇ ಕಾರಣಕ್ಕೆ ಕೈ ಎತ್ತುತಾರೆ.

ಇನ್ನು ಮಯಾಮಿ. ಮೆಡಿಕಲ್ ಇವ್ಯಾಕ್ಯುಯೇಶನ್ ಅಂದ್ರೆ ಕಾಯಿಲೆ ಬಿದ್ದು ಇಲ್ಲಿ ಚಿಕಿತ್ಸೆ ಸಿಗದಿದ್ದಾಗ ಸಾಗಿಸೋದು. ಆರೋಗ್ಯವಾಗಿರೋರನ್ನ ಹರಿಕೇನ್ ಬರತ್ತೆ ಅಂತ ಮುಂಚೇನೇ ಸಾಗಿಸೋದು, ಅಥವಾ ಬಂದು ಹೋದ್ಮೇಲೆ ವಾಸಕ್ಕಾಗದ ಊರಿಂದ ಹೊರಗೆ ತರೋದು, ಅದು ಬೇರೆ ಕವರ್, ಪ್ರಕೃತಿ ವಿಕೋಪದ ಇವ್ಯಾಕ್ಯುಯೇಶನ್ ಅಂತ ಬೇರೆಯಾಗೇ ತಗೋಬೇಕು, ಯಾವ ಹಂತದಲ್ಲಿ ಅದು ಜಾರಿಗೆ ಬರತ್ತೆ ಅಂತ ಓದ್ಬೇಕು. 2017ರ ಇರ್ಮಾದಲ್ಲಿ ಬಾರ್ಬುಡಾ ದ್ವೀಪದ ಸುಮಾರು 1,800 ಜನರನ್ನ ಒಬ್ಬರೂ ಉಳಿಯದ ಹಾಗೆ ಆಂಟಿಗುವಾಗೆ ಸಾಗಿಸಿದ್ರು, ಅಲ್ಲಿ ಸರ್ಕಾರಾನೇ ಮಾಡ್ತು. ನೀವಿರೋ ಕಡೆ ಹಾಗಾಗತ್ತೆ ಅಂತ ನಂಬಿ ಕೂರೋಕಾಗಲ್ಲ. ಅಮ್ಮನ ವಿಷ್ಯಕ್ಕೆ ನನ್ನ ಸಲಹೆ ಕೇಳಿದ್ರೆ, ಡಿಸೆಂಬರ್‌ನಿಂದ ಮೇ ಒಳಗೆ ಕರೆಸ್ಕೊಳ್ಳಿ. ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30, ಹೆಚ್ಚು ಜೋರಿರೋದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಕರೆಂಟ್ ಇಲ್ಲದೆ ವಾರಗಟ್ಟಲೆ ಕೂತಾಗ ಇನ್ಸುಲಿನ್ ತಣ್ಣಗಿಡೋದು ಎಲ್ಲಿ? ಅದಕ್ಕೆ ಯಾವ ಪಾಲಿಸೀಲೂ ಉತ್ತರ ಇಲ್ಲ.

ಪ್ರಶ್ನೆ: ನಾನು ಶೆಫ್, ಟರ್ಕ್ಸ್ ಅಂಡ್ ಕೈಕೋಸ್‌ನ ಒಂದು ರೆಸಾರ್ಟ್‌ನಲ್ಲಿ ಕೆಲಸಕ್ಕೆ ಸೇರ್ತಿದೀನಿ, ಸ್ಟಾಫ್ ಕ್ವಾರ್ಟರ್ಸ್ ಅವರೇ ಕೊಡ್ತಾರೆ. ನನ್ನ ಹತ್ರ ಸಾಮಾನೇ ಇಲ್ಲ ಅಕ್ಕಾ, ನನಗೇನು ಇನ್ಶೂರೆನ್ಸ್?

ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಕಾಳಜಿ ಆಗಿದ್ದು ತಮ್ಮಾ, ಯಾಕಂದ್ರೆ ನಿಮ್ಮ ದೊಡ್ಡ ಆಸ್ತಿ ನಿಮ್ಮ ಸಂಬಳ, ಅದಕ್ಕೆ ಸಾಮಾನ್ಯವಾಗಿ ಹರಿಕೇನ್ ಇನ್ಶೂರೆನ್ಸ್ ಸಿಗಲ್ಲ. ಇನ್‌ಕಮ್ ಪ್ರೊಟೆಕ್ಷನ್ ಅಂತ ಮಾರೋದು ಕಾಯಿಲೆ, ಅಪಘಾತದಿಂದ ಕೆಲಸ ಮಾಡೋಕಾಗದಿದ್ರೆ ಕೊಡೋದು, ಹೋಟೆಲ್ ಮುಚ್ಚಿದ್ರೆ ಅಲ್ಲ. ಹೋಟೆಲ್‌ಗೆ ವ್ಯಾಪಾರ ನಿಂತಿದ್ದಕ್ಕೆ ಪರಿಹಾರ ಕೊಡೋ ಪಾಲಿಸಿ ಇರತ್ತೆ, ಆ ದುಡ್ಡಲ್ಲಿ ಸ್ಟಾಫ್ ಸಂಬಳ ಸೇರಿದೆಯಾ, ಎಷ್ಟು ವಾರ ಅನ್ನೋದು ಅವರು ಮಾಡಿಸಿರೋ ರೀತಿ ಮೇಲೆ. ಇದನ್ನ ಇಂಟರ್‌ವ್ಯೂ ಮುಗಿದ್ಮೇಲೆ ಎಚ್.ಆರ್. ಹತ್ರ ಸಂಕೋಚ ಇಲ್ಲದೆ ಕೇಳಿ: ಹರಿಕೇನ್‌ನಿಂದ ರೆಸಾರ್ಟ್ ಮುಚ್ಚಿದ್ರೆ ಎಷ್ಟು ದಿನ ಸಂಬಳ, ಊರಿಗೆ ಟಿಕೆಟ್ ಯಾರು ಕೊಡ್ತಾರೆ, ತೆರೆದ್ಮೇಲೆ ಅದೇ ಕೆಲಸ ವಾಪಸ್ ಇದೆಯಾ. ಇರ್ಮಾ ಆದ್ಮೇಲೆ ಸೇಂಟ್ ಮಾರ್ಟಿನ್, ಆಂಗ್ವಿಲಾ, ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ಎಷ್ಟೋ ಹೋಟೆಲ್‌ಗಳು ತಿಂಗಳುಗಟ್ಟಲೆ, ಕೆಲವು ವರ್ಷಕ್ಕೂ ಮೇಲೆ ಮುಚ್ಚಿದ್ವು. ವರ್ಕ್ ಪರ್ಮಿಟ್ ಒಬ್ಬ ಮಾಲೀಕರ ಹೆಸರಿಗೇ ಅಂಟ್ಕೊಂಡಿರೋದ್ರಿಂದ ಪಕ್ಕದ ಹೋಟೆಲ್‌ಗೆ ಸುಮ್ನೆ ಹೋಗಿ ಸೇರ್ಕೊಳ್ಳೋಕೂ ಆಗಲ್ಲ.

ಅದಕ್ಕೆ ನಿಮಗೆ ಇನ್ಶೂರೆನ್ಸ್‌ಗಿಂತ ಮುಂಚೆ ಬೇಕಾಗಿರೋದು ಮೂರು ತಿಂಗಳ ಖರ್ಚು ಮತ್ತೆ ಒಂದು ವಿಮಾನದ ಟಿಕೆಟ್ ದುಡ್ಡು, ಅದೂ ಆ ದ್ವೀಪದ ಹೊರಗಿನ ಬ್ಯಾಂಕಲ್ಲಿ. ಸ್ವಲ್ಪ ಕ್ಯಾಶ್ ಅಮೆರಿಕನ್ ಡಾಲರಲ್ಲಿ ಕೈಯಲ್ಲೂ ಇರ್ಲಿ, ಅಲ್ಲಿ ಓಡೋದು ಅದೇ, ಕರೆಂಟ್ ಹೋದ್ರೆ ಎ.ಟಿ.ಎಂ., ಕಾರ್ಡು ಎರಡೂ ನಡೆಯಲ್ಲ. ಪಾಸ್‌ಪೋರ್ಟು, ಪರ್ಮಿಟ್ಟು, ಸರ್ಟಿಫಿಕೇಟು ಜಿಪ್ ಕವರಲ್ಲಿ. ಊರಲ್ಲಿ ನಿಮ್ಮನ್ನ ನಂಬಿಕೊಂಡಿರೋರು ಇದ್ರೆ ಟರ್ಮ್ ಇನ್ಶೂರೆನ್ಸ್ ಇರ್ಲೇಬೇಕು, ಈಗಾಗಲೇ ಇದ್ರೆ ದೇಶ ಬದಲಾಯ್ತು ಅಂತ ಆ ಕಂಪನಿಗೆ ಬರೆದು ಒಪ್ಪಿಗೆ ತಗೊಳ್ಳಿ. ಸಾಮಾನು ಇಲ್ಲ ಅಂದ್ರಲ್ಲ, ನಿಮ್ಮ ಚಾಕು ಸೆಟ್ಟು, ಫೋನು, ಲ್ಯಾಪ್‌ಟಾಪ್ ಅಷ್ಟಕ್ಕೇ ಚಿಕ್ಕ ಪಾಲಿಸಿ ಸಿಕ್ಕಿದ್ರೆ ತಗೊಳ್ಳಿ, ಸಿಗದಿದ್ರೆ ಚಿಂತೆ ಮಾಡ್ಬೇಡಿ.

ಇದೇ ಪತ್ರದಲ್ಲಿ ನೀವು "ಸರ್ಕಾರಕ್ಕೆ ಹರಿಕೇನ್ ಇನ್ಶೂರೆನ್ಸ್ ಇದೆಯಂತಲ್ಲಾ, ಅದು ನಮಗೂ ಸಿಗತ್ತಾ" ಅಂತ ಕೇಳಿದೀರ. 2007ರಲ್ಲಿ ಶುರುವಾದ ಸಿ.ಸಿ.ಆರ್.ಐ.ಎಫ್. ಅನ್ನೋ ಕೆರಿಬಿಯನ್ ನಿಧಿ ಇದೆ, ಗಾಳಿ ವೇಗ, ಮಳೆ ಇಂತಿಷ್ಟು ದಾಟಿದ್ರೆ ನಷ್ಟ ಎಣಿಸ್ತಾ ಕೂರದೆ ಬೇಗ ದುಡ್ಡು ಕೊಡತ್ತೆ, ಆದ್ರೆ ಸರ್ಕಾರಗಳಿಗೆ. 2025ರ ಅಕ್ಟೋಬರ್ 28ಕ್ಕೆ ಮೆಲಿಸ್ಸಾ ಜಮೈಕಾಗೆ ಬಡಿದಾಗ ಆ ಸರ್ಕಾರಕ್ಕೆ ಒಂದು ಕ್ಯಾಟ್ ಬಾಂಡ್‌ನಿಂದ (ದೊಡ್ಡ ವಿಕೋಪ ಆದ್ರೆ ಹೂಡಿಕೆದಾರರ ದುಡ್ಡು ಸರ್ಕಾರಕ್ಕೆ ಹೋಗೋ ಬಾಂಡ್) 15 ಕೋಟಿ ಅಮೆರಿಕನ್ ಡಾಲರ್ ಪೂರ್ತಿ ಬಂತು, ಅದೂ ಸರ್ಕಾರದ ಖರ್ಚಿಗೇ. ನಿಮ್ಮ ಕೈಗೆ ಚೆಕ್ ಆಗಿ ಅದು ಬರಲ್ಲ.

ಪ್ರಶ್ನೆ: ಕಾರಿಗೆ ಥರ್ಡ್ ಪಾರ್ಟಿ ಸಾಕಾ? ಹಳೇ ಜಪಾನ್ ಕಾರು.

ಥರ್ಡ್ ಪಾರ್ಟಿ ಕಾನೂನಿಗೆ ಸಾಕು, ಹರಿಕೇನ್‌ಗೆ ಸಾಲಲ್ಲ. ಸಮುದ್ರದ ನೀರು ಎಂಜಿನ್‌ಗೆ ಹೋದ ಕಾರು ಮತ್ತೆ ಸರಿಯಾಗಿ ಓಡಲ್ಲ, ಐವನ್‌ನಲ್ಲಿ ಸಾವಿರಾರು ಕಾರು ಹಾಗೇ ಹೋದ್ವು. ಕಾಂಪ್ರಹೆನ್ಸಿವ್ ಮಾಡಿಸಿದ್ರೂ ಹರಿಕೇನ್, ಪ್ರವಾಹ ಸೇರಿದೆಯಾ ಅಂತ ನೋಡಿ. ಕಾರಿನ ಬೆಲೆ ಎರಡು ಮೂರು ಸಾವಿರ ಡಾಲರ್ ಅಷ್ಟೇ ಆದ್ರೆ ಬಿಟ್ಬಿಡಿ, ಆ ಪ್ರೀಮಿಯಂ ದುಡ್ಡನ್ನ ಕಂಟೆಂಟ್ಸ್ ಪಾಲಿಸಿಗೆ ಹಾಕಿ, ವಾರ್ನಿಂಗ್ ಬಂದಾಗ ಕಾರನ್ನ ಎತ್ತರದ ಜಾಗದಲ್ಲಿ ನಿಲ್ಸಿ.

ಪ್ರಶ್ನೆ: ನಾನು ಆಗಸ್ಟ್ ಮೂರನೇ ವಾರ ಬಹಾಮಾಸ್‌ಗೆ ಹೋಗಿ ಸೇರ್ಬೇಕು, ಸಾಮಾನು ಕಂಟೈನರಲ್ಲಿ ಸೆಪ್ಟೆಂಬರ್‌ಗೆ ಬರತ್ತೆ. ಅಲ್ಲಿ ಹೋದ್ಮೇಲೆ ನಿಧಾನಕ್ಕೆ ನಾಲ್ಕು ಕಡೆ ವಿಚಾರಿಸಿ ಇನ್ಶೂರೆನ್ಸ್ ತಗೊಂಡ್ರೆ ಆಗಲ್ವಾ?

ಬೇರೆ ತಿಂಗಳಾಗಿದ್ರೆ ಆಗತ್ತೆ ಅಂತಿದ್ದೆ. ಹರಿಕೇನ್ ಹತ್ರ ಬರ್ತಿದ್ದ ಹಾಗೆ ಕಂಪನಿಗಳು ಹೊಸ ಪಾಲಿಸಿ ಕೊಡೋದು, ಹಳೇದರ ಮೊತ್ತ ಜಾಸ್ತಿ ಮಾಡೋದು ಎರಡನ್ನೂ ನಿಲ್ಲಿಸಿಬಿಡ್ತವೆ. ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನೋರು ವಾಚ್, ಅಂದ್ರೆ ಹರಿಕೇನ್ ಬರಬಹುದು ಅನ್ನೋ ಸೂಚನೆ ಹಾಕೋದು ಬಿರುಗಾಳಿ ಬಡಿಯೋಕೆ ಸುಮಾರು 48 ಗಂಟೆ ಮುಂಚೆ, ವಾರ್ನಿಂಗ್ 36 ಗಂಟೆ ಮುಂಚೆ, ಇನ್ಶೂರೆನ್ಸ್ ಬಾಗಿಲು ಅದಕ್ಕೂ ಮುಂಚೇನೇ ಮುಚ್ಚಿರಬಹುದು. 2008ರ ನವೆಂಬರ್‌ನಲ್ಲಿ ಪಲೋಮಾ ಬರೋವಾಗ ನಮ್ಮ ಆಫೀಸ್ ಫೋನ್ ನಿಲ್ಲದೆ ಬಡ್ಕೊಳ್ತಿತ್ತು, ಕೇಮನ್ ಬ್ರ್ಯಾಕ್‌ನಿಂದ ಒಬ್ಬ ಹೆಂಗಸು ನಾಳೆ ದುಡ್ಡು ಕಟ್ತೀನಿ, ಇವತ್ತೇ ಬರ್ಕೊಳ್ಳಿ ಅಂತ ಗೋಗರೆದ್ರು, ನನ್ನ ಕೈಲಿ ಏನೂ ಇರ್ಲಿಲ್ಲ. ಮಾರನೇ ದಿನ ಆ ದ್ವೀಪದಲ್ಲಿ ಏಟು ತಿನ್ನದ ಕಟ್ಟಡ ಹುಡುಕ್ಬೇಕಿತ್ತು. ಟ್ರಾವೆಲ್ ಇನ್ಶೂರೆನ್ಸ್‌ಗೂ ಇದೇ ನಿಯಮ, ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ್ರೆ ಆ ಬಿರುಗಾಳಿಗೆ ಅದು ಅನ್ವಯ ಆಗಲ್ಲ.

2019ರಲ್ಲಿ ಡೋರಿಯನ್ ಬಹಾಮಾಸ್‌ನ ಅಬಾಕೋಗೆ ಬಡಿದಿದ್ದು ಸೆಪ್ಟೆಂಬರ್ 1ಕ್ಕೆ, ಗಂಟೆಗೆ ಸುಮಾರು 295 ಕಿ.ಮೀ. ಗಾಳಿ, ಆಮೇಲೆ ಗ್ರ್ಯಾಂಡ್ ಬಹಾಮಾ ಮೇಲೆ ಒಂದು ದಿನಕ್ಕೂ ಹೆಚ್ಚು ಕದಲದೆ ಕೂತಿತ್ತು. ನಿಮ್ಮ ತಾರೀಖು ಅದರ ಪಕ್ಕದಲ್ಲೇ ಇದೆ ನೋಡಿ. ಅದಕ್ಕೆ ಇಲ್ಲಿಂದಾನೇ ಬಹಾಮಾಸ್‌ನ ಇಬ್ಬರು ಬ್ರೋಕರ್‌ಗಳಿಗೆ ಈಮೇಲ್ ಹಾಕಿ, ಬಾಡಿಗೆ ಕರಾರಿನ ಕಾಪಿ, ಸಾಮಾನಿನ ಅಂದಾಜು ಮೊತ್ತ ಕಳಿಸಿ, ಆಗಸ್ಟ್ 1ರಿಂದಾನೇ ಶುರುವಾಗೋ ಹಾಗೆ ಕೇಳಿ, ಖಾಲಿ ಮನೆಗೆ ಮೂರು ವಾರದ ಪ್ರೀಮಿಯಂ ಸುಮ್ನೆ ಹೋಗತ್ತೆ ಅನ್ನಿಸಬಹುದು, ಹೋಗ್ಲಿ ಬಿಡಿ. ಕಂಟೈನರ್‌ಗೆ ಮರೀನ್ ಕಾರ್ಗೋ ಪಾಲಿಸಿ ಬೇರೆ ಬೇಕು, ಬಂದರಲ್ಲಿ ಕಸ್ಟಮ್ಸ್ ಅಂತ ಕಾಯ್ತಾ ಇರೋ ದಿನಗಳೂ ಅದರಲ್ಲಿ ಸೇರಿರ್ಬೇಕು, ಮನೆ ಪಾಲಿಸಿ ಬಂದರಲ್ಲಿರೋ ಪೆಟ್ಟಿಗೆಗೆ ಸಾಮಾನ್ಯವಾಗಿ ಕೊಡಲ್ಲ. ಆಗೋದಾದ್ರೆ ಕಂಟೈನರ್‌ನ ಡಿಸೆಂಬರ್‌ಗೆ ತಳ್ಳಿ, ಅಲ್ಲಿವರೆಗೆ ಎರಡು ಸೂಟ್‌ಕೇಸಲ್ಲಿ ಇರೋದನ್ನ ನೋಡ್ಕೊಳ್ಳಿ, ನಾನೂ ಮೊದಲ ವರ್ಷ ಹಾಗೇ ಕಳೆದಿದ್ದು. ಕವರ್ ನೋಟ್, ಅಂದ್ರೆ ಇನ್ಶೂರೆನ್ಸ್ ಜಾರಿಗೆ ಬಂದಿದೆ ಅನ್ನೋ ತಾತ್ಕಾಲಿಕ ಪತ್ರ ಈಮೇಲಲ್ಲಿ ಬಂದು, ಅದರಲ್ಲಿ ನಿಮ್ಮ ಹೆಸರು, ವಿಳಾಸ, ಶುರುವಾಗೋ ತಾರೀಖು ಮೂರೂ ಸರಿ ಇದೆ ಅಂತ ಓದಿ, ಆಮೇಲೆ ವಿಮಾನ ಹತ್ತಿ.